ಕುಡಿತ ಬಿಡುವ ಮೊದಲ ಐದು ದಿನ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಆರೋಗ್ಯ ಮಾಹಿತಿ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಡಾಕ್ಟರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕಿಳಿದವ. ಆದರೂ ಈ ವಿಷಯದಲ್ಲಿ ಎರಡು ಮಾತಾಡುತ್ತೇನೆಂದು ನಾನೇ ಕೇಳಿಕೊಂಡೆ. ಸಂಘದಲ್ಲಿ ಅಡವಿಟ್ಟ ಕರಿಮಣಿ ಬಿಡಿಸಿಕೊಳ್ಳಲಾಗದೆ ಹೆಂಗಸರು ವಾಯಿದೆ ಕೇಳಲು ಬರುವಾಗ, ಅದರ ಹಿಂದೆ ಹಲವು ಸಲ ಬಾಟ್ಲಿಯೇ ಇರುತ್ತದೆ. ಕುಡಿತ ಕೆಟ್ಟದ್ದೆಂದು ಹೇಳಲು ನಾನು ಬಂದದ್ದಲ್ಲ. ಅದು ಕುಡಿಯುವವನಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾನು ಹೇಳುವುದು ಒಂದೇ: ದಿನಾ ಜೋರು ಕುಡಿಯುವವನು ಬಿಡಲೇಬೇಕು, ಆದರೆ ಡಾಕ್ಟರಿಗೆ ತೋರಿಸದೆ ತನ್ನಷ್ಟಕ್ಕೇ ಒಮ್ಮೆಲೇ ಬಿಡಬಾರದು. ಜೀವಕ್ಕೆ ಅಪಾಯ ಇರುವುದು ಮೊದಲ ಐದು ದಿನಗಳಲ್ಲಿ.

ನಮ್ಮ ಕಡೆ ಬಿಡುವ ಕ್ರಮ ನಿಮಗೆ ಗೊತ್ತೇ ಇದೆ. ದೈವದ ಎದುರು ಮಾತು ಕೊಡುತ್ತಾರೆ. ಶಬರಿಮಲೆಗೆ ಮಾಲೆ ಹಾಕುತ್ತಾರೆ. ಕ್ರಿಸ್ತಾನ ಬಂಧುಗಳು ಈಸ್ಟರಿನ ಮೊದಲಿನ ತಪಸ್ಸುಕಾಲದಲ್ಲಿ ಬಿಡುತ್ತಾರೆ. ಮನಸ್ಸು ಗಟ್ಟಿಯಾಗಲು ಇದೆಲ್ಲ ಒಳ್ಳೆಯದೇ. ಆದರೆ ಮನಸ್ಸು ಒಪ್ಪಿದಷ್ಟು ಬೇಗ ದೇಹ ಒಪ್ಪುವುದಿಲ್ಲ ಮಾರಾಯ್ರೇ. ಮಾಲೆ ಹಾಕಿದ ಎರಡನೇ ದಿನ ಅಂಗಳದಲ್ಲೇ ಫಿಟ್ಸ್ ಬಂದು ಬಿದ್ದವನೊಬ್ಬನನ್ನು ನಾನು ಕಂಡಿದ್ದೇನೆ. 'ವ್ರತ ತಪ್ಪಿರಬೇಕು' ಎಂದರು ಸುತ್ತ ನಿಂತವರು. ಅವ ವ್ರತ ತಪ್ಪಿಸಿರಲಿಲ್ಲ. ಸರಿಯಾಗಿ ಪಾಲಿಸಿದ್ದಕ್ಕೇ ಹಾಗಾದದ್ದು.

ಯಾಕೆ ಹೀಗೆ? ಮದ್ಯ ಮೆದುಳನ್ನು ಮಂಕು ಮಾಡುತ್ತದೆ. ದಿನಾ ಕುಡಿಯುವವನ ಮೆದುಳು ಆ ಮಂಕನ್ನು ಎದುರಿಸಲು ದಿನವಿಡೀ ಹೆಚ್ಚು ಜೋರು ಓಡಲು ಕಲಿಯುತ್ತದೆ. ಕಟ್ಟಿದ ಹೋರಿ ಹಗ್ಗ ಜಗ್ಗುತ್ತಿರುವಾಗ ಹಗ್ಗ ಕಡಿದರೆ ಅದು ಮುಗ್ಗರಿಸಿ ಬೀಳುತ್ತದಲ್ಲ, ಹಾಗೆಯೇ ಇದು. ಮೊದಲೆಲ್ಲ ಹೊಟ್ಟೆಗೆ ಸರಿಯಾಗಿ ತಿನ್ನದ್ದರಿಂದ ಹೀಗಾಗುತ್ತದೆ ಎಂಬ ವಾದವೂ ಇತ್ತು. 1955ರಲ್ಲಿ ಅಮೆರಿಕದ ವೈದ್ಯರು ಪರೀಕ್ಷೆ ಮಾಡಿ, ಮದ್ಯ ನಿಂತದ್ದೇ ಕಾರಣವೆಂದು ತೋರಿಸಿದರು.

ಕೊನೆಯ ಗ್ಲಾಸಿನಿಂದ ಸುಮಾರು 6ರಿಂದ 8 ಗಂಟೆಯಲ್ಲಿ ಕೈ ನಡುಕ, ಬೆವರು, ವಾಂತಿ, ಎದೆ ಬಡಿತ ಶುರುವಾಗುತ್ತದೆ. ನಿದ್ದೆ ಬರುವುದಿಲ್ಲ. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಗೋಡೆಯಲ್ಲಿ ಹುಳ ಹರಿದಾಡಿದ ಹಾಗೆ ಕಾಣುತ್ತದೆ, ಮನೆಯವರ ಗುರುತು ಸಿಗುವುದಿಲ್ಲ, ಜ್ವರ ಏರುತ್ತದೆ. ಇದನ್ನು ಭೂತದ ಉಪದ್ರವೆಂದು ಮನೆಯಲ್ಲೇ ಇಟ್ಟುಕೊಂಡರೆ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ಸಕಾಲಕ್ಕೆ ಮದ್ದು ಸಿಕ್ಕಿದರೆ ಹೆಚ್ಚಿನವರೂ ಬದುಕುತ್ತಾರೆ.

2020ರ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ. ಮಾರ್ಚ್ ಕೊನೆಯಿಂದ ಮೇ 4ರವರೆಗೆ ನಮ್ಮ ರಾಜ್ಯದಲ್ಲಿ ಮದ್ಯದಂಗಡಿ ಬಂದ್. ಕುಡುಕರೆಲ್ಲ ಸರಿಹೋದರು ಎಂದು ನಾವು ನಕ್ಕೆವು. ಆದರೆ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್, ಸನ್ನಿ ಎಂದು ಬಂದವರು ಹೆಚ್ಚಾದರೆಂದು ನಿಮ್ಹಾನ್ಸ್ ವೈದ್ಯರು ಬರೆದಿದ್ದಾರೆ. ಪಕ್ಕದ ಕೇರಳದಲ್ಲಿ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಸರಕಾರ ಆದೇಶ ಮಾಡಿತು. ಏಪ್ರಿಲ್ 2ರಂದು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಮದ್ಯವೇ ಮದ್ದಲ್ಲ, ಸರಿಯಾದ ಮದ್ದು ಬೇರೆ ಇದೆ ಎಂದು ವೈದ್ಯರ ಸಂಘಗಳೂ ಹೇಳಿದವು.

ಆ ಮದ್ದು ಯಾವುದು? ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್, ಲಿವರ್ ಕೆಟ್ಟವರಿಗೆ ಲೊರಾಜೆಪಾಮ್. ಮೊದಲು ಬೇಕಾದಷ್ಟು ಕೊಟ್ಟು, ದಿನದಿಂದ ದಿನಕ್ಕೆ ಇಳಿಸಿ, ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ನಿಲ್ಲಿಸುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ-1 ವಿಟಮಿನ್. ಬಿ-1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗುವ ಸಂಭವವಿದೆ. ಆದ್ದರಿಂದ 'ಡಾಕ್ಟ್ರೇ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿ' ಎನ್ನುವ ಮೊದಲು, ಇವರು ಕುಡಿಯುವವರು ಎಂಬ ಸತ್ಯ ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ.

ಎಲ್ಲರನ್ನೂ ಅಡ್ಮಿಟ್ ಮಾಡಬೇಕೆಂದಿಲ್ಲ. ಡಾಕ್ಟರು ನೋಡಿ ಒಪ್ಪಿದರೆ ಮನೆಯಲ್ಲೇ ಮಾತ್ರೆ ತೆಗೆದುಕೊಳ್ಳಬಹುದು, ಜೊತೆಗೆ ಒಬ್ಬರು ಇರಬೇಕು. ಆದರೆ ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದವರು, ಬೆಳಿಗ್ಗೆ ಎದ್ದ ಕೂಡಲೇ ಕುಡಿಯಬೇಕಾದವರು, ವಯಸ್ಸಾದವರು, ಲಿವರ್ ಅಥವಾ ಹೃದಯದ ಕಾಯಿಲೆ ಇದ್ದವರು ಆಸ್ಪತ್ರೆಯಲ್ಲೇ ಬಿಡುವುದು ಕ್ಷೇಮ. ಡಾಕ್ಟರನ್ನು ಕಾಣುವವರೆಗೆ ಇಂಥವರು ಹಠ ಹಿಡಿದು ಪೂರ್ತಿ ನಿಲ್ಲಿಸಬಾರದು. ಇದು ಕುಡಿಯಲು ಕೊಟ್ಟ ಪರವಾನಗಿ ಅಲ್ಲ. ಇವತ್ತೋ ನಾಳೆಯೋ ಆಸ್ಪತ್ರೆಗೆ ಹೋಗಿ ಎಂದು ನಾನು ಹೇಳುವುದು.

ಮಂಗಳೂರಿನ ಹತ್ತಿರ ಇರುವ ನಮಗೆ ದೂರದ ನೆಪ ಇಲ್ಲ. ಹಂಪನಕಟ್ಟೆಯ ವೆನ್ಲಾಕ್ ಜಿಲ್ಲಾ ಆಸ್ಪತ್ರೆ ಇದೆ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಇದೆ. ಮನೋರೋಗ ವಿಭಾಗದಲ್ಲಿ ವಿಚಾರಿಸಿ. ಆ ವಿಭಾಗಕ್ಕೆ ಹೋದವರೆಲ್ಲ ಹುಚ್ಚರಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ 8 ದಿನಗಳ ಮದ್ಯವರ್ಜನ ಶಿಬಿರಗಳು ಎಷ್ಟೋ ಮನೆಗೆ ದೀಪ ಹಚ್ಚಿವೆ. ಶಿಬಿರಕ್ಕೆ ಸೇರುವಾಗಲೂ ಎಷ್ಟು ಕುಡಿಯುತ್ತಿದ್ದೆ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಫೋನಿನಲ್ಲಿ ಕೇಳುವುದಾದರೆ ಸರಕಾರದ ಟೆಲಿ-ಮಾನಸ್ ನಂಬರು 14416.

ತಾಯಂದಿರಿಗೆ ಒಂದು ಮಾತು. ಕುಡಿತ ಬಿಡಿಸುವ ಮಾತ್ರೆಯನ್ನು ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಬೇಡಿ. ಅದರ ಮೇಲೆ ಅವರು ಕುಡಿದರೆ ಬಿ.ಪಿ. ಇಳಿದು ಜೀವಕ್ಕೇ ಬರಬಹುದು. ಮೆಡಿಕಲ್ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡುವುದೂ ಬೇಡ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಹಿಡಿಸುವುದು, ಬಾಯಿಗೆ ಚಮಚ ಇಡುವುದು, ನೀರು ಕುಡಿಸುವುದು ಮಾಡಬೇಡಿ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ತೋಟ ಇರುವ ನಮಗೂ ಒಂದು ಜವಾಬ್ದಾರಿ ಉಂಟು. ಅಡಿಕೆಗೆ ಮದ್ದು ಬಿಡುವವನು, ತೆಂಗು ಕೀಳುವವನು 'ನಿನ್ನೆಯಿಂದ ಕುಡಿತ ಬಿಟ್ಟೆ ಧನಿಗಳೇ' ಎಂದರೆ ಶಹಬ್ಬಾಸ್ ಎಂದು ಮರ ಹತ್ತಿಸಬೇಡಿ. ಮರದ ತುದಿಯಲ್ಲಿ ಫಿಟ್ಸ್ ಬಂದರೆ ಏನಾದೀತೆಂದು ನಾನು ಹೇಳಬೇಕಾಗಿಲ್ಲ. ಚಿಕಿತ್ಸೆಯ ಮಾತ್ರೆಯಿಂದಲೂ ಮಂಪರು ಬರುತ್ತದೆ. ಡಾಕ್ಟರು ಸರಿ ಎನ್ನುವವರೆಗೆ ಮರ ಬೇಡ, ಬೈಕೂ ಬೇಡ. ಸುಧಾರಿಸಿಕೊಂಡ ಮೇಲೆ ಅಡಿಕೆ ಸುಲಿಯುವಂಥ ನೆಲದ ಕೆಲಸ ಕೊಡಿ, ಸಂಬಳ ಕಡಿಮೆ ಮಾಡಬೇಡಿ.

ಸಂಘಕ್ಕೆ ನನ್ನ ವಿನಂತಿ ಇದು. ಈ ಚಿಕಿತ್ಸೆಗೆ ಹೋಗುವ ಸದಸ್ಯನಿಗೆ ಸಣ್ಣ ಮೊತ್ತದ ತುರ್ತು ಸಾಲ ಕೊಡುವ ವಿಷಯವನ್ನು ಆಡಳಿತ ಮಂಡಳಿ ಚರ್ಚಿಸಲಿ. ದನಕ್ಕೆ ಕಾಯಿಲೆಯಾದರೆ ಓಡಾಡುವ ನಾವು ಮನುಷ್ಯನಿಗೂ ಅಷ್ಟು ಮಾಡಬೇಡವೇ? ಐದು ದಿನ ದಾಟಿದ ಮೇಲೆ ಮತ್ತೆ ಗಡಂಗಿನ ದಾರಿ ಹಿಡಿಯದಂತೆ ನೋಡಿಕೊಳ್ಳುವುದು ವರ್ಷಗಟ್ಟಲೆಯ ಕೆಲಸ. ಅದಕ್ಕೆ ಮನೆ, ಊರು, ಸಂಘ ಎಲ್ಲವೂ ಬೇಕು. ಆದರೆ ಆ ವರ್ಷಗಳನ್ನು ನೋಡಲು ಅವನು ಮೊದಲು ಈ ಐದು ದಿನ ಬದುಕಿ ಉಳಿಯಬೇಕು.