ನಂದಿಯ ನೀರು, ಬೆಲುಂನ ಗವಿ



ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ನದಿಗಳ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ. ಪಟ್ಟಿ ಒಪ್ಪಿಸಿದರೆ ಪಾಠ ಮುಗಿಯಿತು. ಅವುಗಳಲ್ಲಿ ಕೆಲವು ನದಿಗಳ ನೀರು ಆಂಧ್ರದ ಗಡಿ ದಾಟಿದ ಮೇಲೆ ಏನಾಯಿತು ಎಂದು ಮಕ್ಕಳೂ ಕೇಳಲಿಲ್ಲ, ಮೇಷ್ಟರೂ ಹೇಳಲಿಲ್ಲ. ಈ ಹೊತ್ತು ಆ ನೀರಿನ ಜಾಡು ಹಿಡಿದು ಒಂದು ಗವಿಯತ್ತ ಹೋಗೋಣ. ಅದು ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಮಂಡಲದ ಬೆಲುಂ ಗುಹೆ. ಮೊನ್ನೆಮೊನ್ನೆಯವರೆಗೂ ಅದು ಕರ್ನೂಲು ಜಿಲ್ಲೆಗೆ ಸೇರಿತ್ತು. ಅಳೆದು ನೋಡಿರುವ ಉದ್ದ 3229 ಮೀಟರ್. ಮೇಘಾಲಯದ ಗವಿಗಳನ್ನು ಬಿಟ್ಟರೆ ಭಾರತದಲ್ಲಿ ದೊಡ್ಡದೆಂದು ಹೆಸರಾದದ್ದು ಇದೇ.

ಮೊದಲು ನಮ್ಮ ಮನೆಯ ಲೆಕ್ಕ ನೋಡೋಣ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೆಟ್ಟಕ್ಕೇನು ಬರವೇ? ನಂದಿ ಇದೆ, ಸ್ಕಂದಗಿರಿ ಇದೆ, ಅಂಬಾಜಿದುರ್ಗ ಇದೆ, ಗುಡಿಬಂಡೆ ಇದೆ. ಗವಿಗಳೂ ಬೇಕಾದಷ್ಟಿವೆ. ಆದರೆ ಯಾವ ಗವಿಯೊಳಗೆ ಹೊಕ್ಕರೂ ಸ್ವಲ್ಪ ಹೊತ್ತಿಗೆಲ್ಲ ಬಂಡೆಗೆ ತಲೆ ತಾಗುತ್ತದೆ, ಇಲ್ಲವೇ ಆ ಕಡೆಯ ಬೆಳಕು ಕಾಣುತ್ತದೆ. ಮೂರು ಕಿಲೋಮೀಟರ್ ನಡೆಯುವ ಗವಿ ಇಲ್ಲಿ ಒಂದೂ ಇಲ್ಲ, ಮುಂದೆಯೂ ಸಿಗುವುದಿಲ್ಲ. ಇಷ್ಟು ಖಚಿತವಾಗಿ ಹೇಳಲು ಕಾರಣ ನಮ್ಮ ಕಲ್ಲು.

ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದ ಬಹು ಆಳದಲ್ಲಿ ಶಿಲಾರಸ ನಿಧಾನವಾಗಿ ಆರಿ ಗಟ್ಟಿಯಾದ ಗ್ರಾನೈಟು ಇದು. ಮೇಲೆ ಹೇರಿಕೊಂಡಿದ್ದ ಕಿಲೋಮೀಟರುಗಟ್ಟಲೆ ಶಿಲೆ ಸವೆದು ಭಾರ ಇಳಿದಾಗ ಬಂಡೆ ಅಲ್ಲಲ್ಲಿ ಬಿರಿಯಿತು. ಬಿರುಕಿನಲ್ಲಿ ನೀರು ಇಳಿಯಿತು. ನೀರಿಗೆ ಗ್ರಾನೈಟನ್ನು ಕರಗಿಸುವ ಶಕ್ತಿ ಇಲ್ಲ. ಅದರೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಕೊಳೆಸಿ ಜೇಡಿಮಣ್ಣು ಮಾಡುತ್ತದೆ, ಅಷ್ಟೇ. ಬಿರುಕುಗಳ ನಡುವಿನ ಚೌಕ ತುಂಡುಗಳಲ್ಲಿ ಮೂಲೆಗಳು ಮೊದಲು ಕೊಳೆಯುತ್ತವೆ, ಒಳಗಿನ ತಿರುಳು ಉಳಿಯುತ್ತದೆ. ಹಾಗಾಗಿ ತುಂಡು ಗುಂಡಾಗುತ್ತದೆ. ಮಳೆಗೆ ಜೇಡಿ ಕೊಚ್ಚಿಹೋದ ಮೇಲೆ ಗುಂಡಿನ ಮೇಲೆ ಗುಂಡು ಕೂತಿರುತ್ತದೆ. ಅವುಗಳ ನಡುವಿನ ಸಂದಿಯನ್ನೇ ನಾವು ಗವಿ ಎನ್ನುವುದು. ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಹುಡುಗರು ಟಾರ್ಚ್ ಹಿಡಿದು ತೆವಳಿಕೊಂಡು ನುಸುಳುತ್ತಾರಲ್ಲ, ಅವೂ ಇದೇ ಜಾತಿಯವು. ಮೇಲಿನ ಬಂಡೆ ಜಾರಿ ಮಾಡಿಕೊಟ್ಟ ಸಂದಿಗಳೇ ಹೊರತು ನೀರು ಒಳಗೊಳಗೇ ಕೊರೆದ ಸುರಂಗಗಳಲ್ಲ.

ಸಂದಿಯಾದರೂ ಅದಕ್ಕೂ ಚರಿತ್ರೆ ಇದೆ. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನೇ ನೋಡಿ. ಅದೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎನ್ನುತ್ತದೆ ಸ್ಥಳಪುರಾಣ. ಅದೇ ಊರಿನಲ್ಲಿ ಬಳೆ ಮಾರಿಕೊಂಡಿದ್ದ ನಾರಾಯಣಪ್ಪನವರು ಮುಂದೆ ಕೈವಾರ ತಾತಯ್ಯನವರಾದರು. 1726ರಲ್ಲಿ ಹುಟ್ಟಿ 1836ರವರೆಗೆ ಬದುಕಿದ್ದರು ಎನ್ನುತ್ತದೆ ಅವರ ಪರಂಪರೆ. ಗುರು ಪರದೇಶಿಸ್ವಾಮಿಗಳು ಒಂದು ಬೆಣಚುಕಲ್ಲನ್ನು ಅವರ ಬಾಯಿಗೆ ಹಾಕಿ, ಇದು ಕಲ್ಲುಸಕ್ಕರೆಯಾಗುವವರೆಗೆ ಜಪ ಮಾಡು ಎಂದರಂತೆ. ತಾತಯ್ಯನವರು ತಪಸ್ಸಿಗೆ ಕೂತದ್ದು ನರಸಿಂಹನ ಬೆಟ್ಟದ ಗವಿಯಲ್ಲಿ. ಅಲ್ಲಿಂದ ಎದ್ದು ಬಂದವರು ತೆಲುಗಿನಲ್ಲೂ ಕನ್ನಡದಲ್ಲೂ ತತ್ತ್ವಪದಗಳನ್ನು ಹಾಡಿದರು, ಕಾಲಜ್ಞಾನ ಹೇಳಿದರು. ಹತ್ತಿರದ ಅಂಬಾಜಿದುರ್ಗದ ಕೈಲಾಸಗಿರಿಯ ಗುಹಾಲಯಗಳು ಮಾತ್ರ ಬೇರೆಯವು. ಅವನ್ನು ಈಚಿನ ದಶಕಗಳಲ್ಲಿ ಮನುಷ್ಯರೇ ಗ್ರಾನೈಟಿನಲ್ಲಿ ಕೊರೆದರು. ಪ್ರಕೃತಿ ಕೊಡದ್ದನ್ನು ಯಂತ್ರ ಹಿಡಿದು ಪಡೆದುಕೊಂಡದ್ದು ಎನ್ನಬಹುದು.

ಹೀಗೆ ಟೊಳ್ಳಿಲ್ಲದ ಕಲ್ಲಿನಿಂದ ನಮಗೆ ಒಂದು ಲಾಭವೂ ಇದೆ, ಒಂದು ಕಷ್ಟವೂ ಇದೆ. 1965ರ ಸುಮಾರಿಗೆ ಗೌರಿಬಿದನೂರಿನ ಬಳಿ ನಮ್ಮ ಅಣುಶಕ್ತಿ ಇಲಾಖೆಯವರು ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಾಯದಿಂದ ಭೂಕಂಪನ ಮಾಪಕಗಳ ಸಾಲು ಹೂಡಿದರು. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ 20 ಮಾಪಕಗಳು. ಗಟ್ಟಿ ಶಿಲೆ, ಗದ್ದಲವಿಲ್ಲದ ನೆಲ. ಜಗತ್ತಿನ ಯಾವುದೋ ಮೂಲೆಯಲ್ಲಿ ನೆಲದಡಿ ಬಾಂಬು ಪರೀಕ್ಷೆ ನಡೆದರೆ ಅದರ ನಡುಕ ಇಲ್ಲಿ ದಾಖಲಾಗುತ್ತದೆ. ಲಾಭ ಇದು. ಕಷ್ಟ ಏನೆಂದು ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದವರನ್ನು ಕೇಳಬೇಕು. ಗ್ರಾನೈಟಿನಲ್ಲಿ ನೀರು ನಿಲ್ಲುವುದು ಬಿರುಕಿನಲ್ಲಿ ಮಾತ್ರ. ಸಾವಿರ ಅಡಿ ದಾಟಿ ಕೊರೆದರೂ ಬೋರ್‌ವೆಲ್ ಲಾರಿಯ ಪಕ್ಕ ನಿಂತವರ ಕಿವಿಯೆಲ್ಲ ‘ಗ್ಯಾಪ್ ಸಿಕ್ಕಿತೇ’ ಎಂಬ ಒಂದೇ ಮಾತಿಗೆ ಕಾದಿರುತ್ತದೆ. ನೆಲದೊಳಗಿನ ಟೊಳ್ಳಿಗಾಗಿ ಸಾಲ ಮಾಡುವ ಜನ ನಾವು.

ಈಗ ನದಿಯ ಜೊತೆ ಹೊರಡೋಣ. ಉತ್ತರ ಪಿನಾಕಿನಿ ಗೌರಿಬಿದನೂರನ್ನು ದಾಟಿ, ವಿದುರಾಶ್ವತ್ಥದ ಪಕ್ಕದಲ್ಲೇ ಹಾದು ಆಂಧ್ರಕ್ಕೆ ಹೋಗಿ ಪೆನ್ನಾ ಎನಿಸಿಕೊಳ್ಳುತ್ತದೆ. ಚಿತ್ರಾವತಿ ಬಾಗೇಪಲ್ಲಿ, ಪುಟ್ಟಪರ್ತಿ ದಾಟಿ ಗಂಡಿಕೋಟೆಯ ಬಳಿ ಪೆನ್ನಾ ಸೇರುತ್ತದೆ. ಶಿಡ್ಲಘಟ್ಟದ ಕಡೆಯಿಂದ ಹೊರಟ ಪಾಪಾಗ್ನಿ ಕಡಪ ಜಿಲ್ಲೆಯ ವೇಂಪಲ್ಲಿಯನ್ನು ಹಾದು ಅದೇ ಪೆನ್ನಾಕ್ಕೆ ಬೀಳುತ್ತದೆ. ಅನಂತಪುರವನ್ನು ಹಿಂದೆ ಬಿಟ್ಟು ಮೂಡಲಿಗೆ ಹೋದಂತೆ ಗ್ರಾನೈಟು ಮುಗಿದು ಪದರ ಪದರವಾದ ಕಲ್ಲು ಶುರುವಾಗುತ್ತದೆ. ಹಳೆಯ ಕಡಲಿನ ತಳದಲ್ಲಿ ಕೂತ ಮರಳು, ಕೆಸರು, ಸುಣ್ಣ ಎಲ್ಲ ಒತ್ತಿ ಕಲ್ಲಾದದ್ದು ಅದು. ಭೂವಿಜ್ಞಾನಿ ವಿಲಿಯಂ ಕಿಂಗ್ 1872ರಲ್ಲಿ ಈ ಪದರಗಳನ್ನು ವಿವರಿಸಿ, ತಳದ ಗುಂಪಿಗೆ ಪಾಪಾಗ್ನಿಯ ಹೆಸರನ್ನೇ ಇಟ್ಟ. ಅದರ ಮೇಲಿನ ಗುಂಪನ್ನು ಈಗಿನ ಪುಸ್ತಕಗಳು ಚಿತ್ರಾವತಿ ಎನ್ನುತ್ತವೆ. ನಮ್ಮಲ್ಲಿ ಮಳೆಗಾಲಕ್ಕೆ ಮಾತ್ರ ಹರಿಯುವ ಎರಡು ಹಳ್ಳಗಳ ಹೆಸರು ಹೀಗೆ ಜಗತ್ತಿನ ಭೂವಿಜ್ಞಾನದಲ್ಲಿ ಕಾಯಂ ಆಯಿತು. ನಮ್ಮ ಪಠ್ಯಪುಸ್ತಕದಲ್ಲಿ ಇದೊಂದು ಸಾಲು ಇದ್ದಿದ್ದರೆ ಚೆನ್ನಾಗಿತ್ತು.

ಇವೆರಡಕ್ಕಿಂತ ಹೊಸದು ಕರ್ನೂಲು ಗುಂಪು. ಅದರಲ್ಲಿ ನಾರ್ಜಿ ಸುಣ್ಣಕಲ್ಲು ಎಂಬ ಪದರ ಬರುತ್ತದೆ. ಈ ಕಲ್ಲು ನಿಮಗೆ ಅಪರಿಚಿತವೇನಲ್ಲ. ಅಡುಗೆಮನೆಯ ಕಟ್ಟೆಗೆ, ಗೋಡೆಯ ಅರೆಗಳಿಗೆ ಹಾಕಿಸುವ ಕಡಪ ಕಲ್ಲು ಈ ಸುಣ್ಣಕಲ್ಲಿನದೇ. ಅದರ ಮೇಲೆ ನಿಂಬೆಹಣ್ಣು ಕತ್ತರಿಸಿ, ರಸ ಒರೆಸದೆ ಬಿಟ್ಟು ನೋಡಿ. ಸ್ವಲ್ಪ ಹೊತ್ತಿನ ಮೇಲೆ ತೊಳೆದರೆ ಕಪ್ಪು ಕಲ್ಲಿನ ಹೊಳಪು ಹೋಗಿ ಹನಿ ಬಿದ್ದಲ್ಲೆಲ್ಲ ಮಂಕಾದ ಬೂದುಮಚ್ಚೆ ಉಳಿದಿರುತ್ತದೆ. ಬೆರಳಾಡಿಸಿದರೆ ತುಸು ತರಿತರಿ. ಪಕ್ಕದಲ್ಲೇ ಗ್ರಾನೈಟಿನ ತುಂಡಿದ್ದರೆ ಅದಕ್ಕೆ ಏನೂ ಆಗಿರುವುದಿಲ್ಲ. ಹುಳಿ ಸುಣ್ಣವನ್ನು ತಿಂದಿತು, ಅಷ್ಟೇ. ಮಳೆನೀರಿನಲ್ಲೂ ಹುಳಿ ಇದೆ. ಗಾಳಿಯಿಂದ, ಅದಕ್ಕಿಂತ ಹೆಚ್ಚಾಗಿ ಬೇರು ತುಂಬಿದ ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ತೆಳ್ಳನೆಯ ಇಂಗಾಲಾಮ್ಲವಾಗುತ್ತದೆ. ನಾಲಿಗೆಗೆ ತಿಳಿಯದಷ್ಟು ಹುಳಿ. ಆದರೆ ಸಾವಿರಾರು ವರ್ಷ ಬಿಡದೆ ಬಿರುಕಿನಲ್ಲಿ ಇಳಿಯುತ್ತಿದ್ದರೆ ಕೂದಲೆಳೆಯ ಸಂದು ಕಾಲುವೆಯಾಗುತ್ತದೆ, ಕಾಲುವೆ ಓಣಿಯಾಗುತ್ತದೆ, ಓಣಿಗಳು ಕೂಡಿ ಮಂಟಪವಾಗುತ್ತವೆ. ನೀರಿನ ಮಟ್ಟ ಕೆಳಗಿಳಿದು ಗವಿ ಬರಿದಾದ ಮೇಲೆ, ಚಾವಣಿಯಿಂದ ತೊಟ್ಟಿಕ್ಕುವ ಹನಿ ಹೊತ್ತು ತಂದ ಸುಣ್ಣವನ್ನು ಅಲ್ಲೇ ಬಿಟ್ಟುಹೋಗುತ್ತದೆ. ಮೇಲಿಂದ ಇಳಿಬಿದ್ದ ಕಲ್ಲು, ಕೆಳಗಿಂದ ಎದ್ದ ಕಲ್ಲು, ಎರಡೂ ಹುಟ್ಟುವುದು ಹೀಗೆ.

ಬೆಲುಂ ಗವಿಯನ್ನು ಕೊರೆದದ್ದು ಒಂದು ಕಾಲಕ್ಕೆ ಆ ಕಡೆ ಹರಿಯುತ್ತಿದ್ದ ಚಿತ್ರಾವತಿ ಎಂದು ಅಲ್ಲಿ ಹೇಳುವ ಮಾತು. ನಮ್ಮ ಜಿಲ್ಲೆಯವರಿಗೆ ಕೇಳಲು ಹಿತವಾಗಿಯೇ ಇದೆ. ಆದರೆ ಈಗಿನ ಚಿತ್ರಾವತಿ ಅಲ್ಲಿಂದ ದಕ್ಷಿಣಕ್ಕೆ ಬಹು ದೂರ. ಸುಣ್ಣಕಲ್ಲು ಕರಗುವುದಕ್ಕೆ ದೂರದ ನದಿಯೇ ಬರಬೇಕೆಂದೇನೂ ಇಲ್ಲ, ಅದರ ಮೇಲೆ ಬಿದ್ದ ಮಳೆಯೂ ಸಾಕು. ಹೆಮ್ಮೆಯನ್ನು ಸ್ವಲ್ಪ ಹಿಡಿತದಲ್ಲಿ ಇಟ್ಟುಕೊಳ್ಳೋಣ.

ಇಂಥ ಸುಣ್ಣಕಲ್ಲಿನ ಗವಿಗಳೊಳಗೆ ಹೊಕ್ಕವರ ಕಥೆಗೆ ಬರುತ್ತೇನೆ. ಅದೇ ಸೀಮೆಯ ಬೇತಂಚರ್ಲದ ಬಳಿಯ ಬಿಲ್ಲಸುರ್ಗಂ ಗವಿಗಳನ್ನು ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲೇ ಲೋಕಕ್ಕೆ ತಿಳಿಸಿದ್ದ. ನಲವತ್ತು ವರ್ಷದ ನಂತರ ಅಲ್ಲಿಗೆ ಬಂದವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಶಿಲಾಯುಗದ ಕೈಗೊಡಲಿ ಹೆಕ್ಕಿ, ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವನು. ಬಿಲ್ಲಸುರ್ಗಂನಲ್ಲಿ ಅವನು ತನ್ನ ಮಗನನ್ನೂ ಅಗೆತಕ್ಕೆ ಹಚ್ಚಿದ. ಬುಟ್ಟಿಗಟ್ಟಲೆ ಎಲುಬು ಸಿಕ್ಕವು. ಅವನ್ನು ಪರೀಕ್ಷಿಸಿದ ಪಳೆಯುಳಿಕೆ ತಜ್ಞ ಲಿಡೆಕ್ಕರ್ ಅವುಗಳಲ್ಲಿ ಖಡ್ಗಮೃಗವನ್ನು ಗುರುತಿಸಿದ. ಆ ಒಣ ಸೀಮೆಯಲ್ಲಿ ಖಡ್ಗಮೃಗ! ಅದೇ 1884ರಲ್ಲಿ ಫೂಟ್ ಬೆಲುಂ ಗವಿಯ ಬಗ್ಗೆಯೂ ಬರೆದಿಟ್ಟ. ಹತ್ತು ವರ್ಷದ ಮೇಲೆ, 1894ರಲ್ಲಿ, ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದಕ್ಕೆ ಮುಖ್ಯಸ್ಥನಾಗಿ ಬಂದವನೂ ಇವನೇ. ಆದರೆ ಮೈಸೂರಿಗೆ ಬೇಕಾಗಿದ್ದದ್ದು ಚಿನ್ನ, ಗವಿಯಲ್ಲ. ಬೆಲುಂ ಅಲ್ಲಿಗೇ ಉಳಿಯಿತು, ಸುಮಾರು ನೂರು ವರ್ಷ.

ಇದರಲ್ಲಿ ಆಶ್ಚರ್ಯವಿಲ್ಲ ಎಂದು ನನಗೆ ಅನ್ನಿಸುತ್ತದೆ. ಗವಿಯಲ್ಲಿ ಮನುಷ್ಯ ತನಗೆ ಬೇಕಾದದ್ದು ಸಿಗುವಷ್ಟು ದೂರ ಮಾತ್ರ ಹೋಗುತ್ತಾನೆ. ಬೆಲುಂನಲ್ಲಿ ಬೌದ್ಧ ಭಿಕ್ಷುಗಳು ಇದ್ದರು, ಅವರ ಕಾಲದ ಅವಶೇಷಗಳು ಅನಂತಪುರದ ಮ್ಯೂಸಿಯಂಗೆ ಬಂದಿವೆ. ಬಾಗಿಲಿನ ಹತ್ತಿರದ ಒಂದು ಕೋಣೆಯಲ್ಲಿ ಕಲ್ಲೇ ಹಾಸಿಗೆ ದಿಂಬಿನ ಆಕಾರದಲ್ಲಿದೆ, ಧ್ಯಾನಮಂದಿರ ಎನ್ನುತ್ತಾರೆ. ತಪಸ್ಸಿಗೆ ಅಷ್ಟು ಸಾಕು. ಕೈವಾರದ ತಾತಯ್ಯನವರಿಗೂ ಅಷ್ಟೇ ಸಾಕಾಗಿತ್ತು. ಎಲುಬು ಹುಡುಕುವವನಿಗೆ ಗವಿಯ ಬಾಯಲ್ಲಿ ಶೇಖರವಾದ ಮಣ್ಣು ಸಾಕು. ಕೊನೆ ಮುಟ್ಟಲೇಬೇಕು ಎನ್ನುವ ಹಟ ಗವಿಗಾಗಿಯೇ ಗವಿ ಹೊಗುವವರಿಗೆ ಮಾತ್ರ. ಅಂಥವನೊಬ್ಬ 1982ರಲ್ಲಿ ಜರ್ಮನಿಯಿಂದ ಬಂದ, ಡೇನಿಯಲ್ ಗೆಬಾವರ್ ಎಂದು. ಅವನ ತಂಡ ಮುಂದಿನ ವರ್ಷವೂ ಬಂತು. ಊರಿನ ಜನ ನೆರವಾದರು. ಓಣಿ ಓಣಿಯನ್ನೂ ಅಳೆದು ನಕ್ಷೆ ಮಾಡಿದ್ದು ಆ ತಂಡವೇ. ಒಳಗಿನ ಒಂದು ಮಂಟಪಕ್ಕೆ ಈಗ ಗೆಬಾವರನ ಹೆಸರಿದೆ.

ನಕ್ಷೆ ಆದ ಮಾತ್ರಕ್ಕೆ ಮಾನ ಬರಲಿಲ್ಲ. ಎಂಬತ್ತರ ದಶಕದಲ್ಲಿ ಆಂಧ್ರ ಸರ್ಕಾರ ಸಂರಕ್ಷಿತ ಎಂದು ಸಾರಿತು. ಆದರೆ ಆ ದಶಕದ ಕೊನೆಯವರೆಗೆ ಸುತ್ತಮುತ್ತಲ ಕಸವೆಲ್ಲ ಬೀಳುತ್ತಿದ್ದದ್ದು ಅದರ ಬಾಯಿಗೇ. ಬಾಯಿ ಎಂದರೆ ಬಯಲ ಹೊಲದ ನಡುವೆ ಬಾವಿಗಳಂತಿರುವ ಮೂರು ಗುಂಡಿಗಳು. ಕಸ ಸುರಿಯುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು! 1999ರಲ್ಲಿ ಪ್ರವಾಸೋದ್ಯಮ ನಿಗಮ ಕೈಗೆತ್ತಿಕೊಂಡು, ಶುಚಿಗೊಳಿಸಿ, ಮೆಟ್ಟಿಲು ಕಟ್ಟಿ, ದೀಪ ಹಾಕಿ, 2002ರ ಫೆಬ್ರವರಿಯಲ್ಲಿ ಜನರಿಗೆ ತೆರೆಯಿತು. ಅಳೆದ ಉದ್ದದಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಮಾತ್ರ ಜನ ಓಡಾಡುವಂತಿದೆ.

ಇಳಿದವರಿಗೆ ಸಿಂಹದ್ವಾರ ಸಿಗುತ್ತದೆ, ಕೋಟಿಲಿಂಗಗಳ ಕೋಣೆ ಸಿಗುತ್ತದೆ, ತಟ್ಟಿದರೆ ನಾದ ಹೊಮ್ಮುವ ಸಪ್ತಸ್ವರದ ಗುಹೆ ಸಿಗುತ್ತದೆ. ಎಲ್ಲಕ್ಕಿಂತ ಆಳದಲ್ಲಿ, ನೆಲಮಟ್ಟದಿಂದ 46 ಮೀಟರ್ ಕೆಳಗೆ, ಪಾತಾಳಗಂಗೆ. ಸಣ್ಣ ತೊರೆ, ಎಲ್ಲ ಕಾಲದಲ್ಲೂ ಹರಿಯುತ್ತದೆ. ಸ್ವಲ್ಪ ದೂರ ಕಂಡು ಮತ್ತೆ ಕಲ್ಲಿನೊಳಗೆ ಹೊಕ್ಕುಬಿಡುತ್ತದೆ. ಎರಡು ಕಿಲೋಮೀಟರ್ ಆಚೆಯ ಬೆಲುಂ ಹಳ್ಳಿಯ ಬಾವಿಗೆ ಹೋಗುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಬೇರೆ ದೇಶಗಳಲ್ಲಿ ಗವಿ ಶೋಧಕರು ಇಂಥ ಮಾತನ್ನು ಪರೀಕ್ಷಿಸುವ ದಾರಿ ಸರಳವಾದದ್ದು: ತೊರೆಗೆ ನಿರಪಾಯದ ಬಣ್ಣ ಬೆರೆಸಿ, ಬಾವಿಯ ನೀರನ್ನು ದಿನವೂ ನೋಡುತ್ತಿರುವುದು.

ಹೋಗುವವರು ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ ಹೆದ್ದಾರಿ ಹಿಡಿದು ಅನಂತಪುರ, ಅಲ್ಲಿಂದ ತಾಡಪತ್ರಿ, ಅಲ್ಲಿಂದ ಬೆಲುಂ. ಚಳಿಗಾಲ ಒಳ್ಳೆಯದು. ಒಳಗೆ ವಿಪರೀತ ಸೆಕೆ, ಹತ್ತಿಬಟ್ಟೆ ಉಟ್ಟುಕೊಳ್ಳಿ. ಗವಿಯೊಳಗೆ ಗಾಳಿ ಆಡಲೆಂದು ಮೇಲಿನಿಂದ ಕೊಳವೆ ಕೊರೆದು ಇಳಿಸಿದ್ದಾರೆ. ಆ ಕೊಳವೆಯ ಕೆಳಗೆ ಸ್ವಲ್ಪ ಹೊತ್ತು ನಿಂತು ಸುಧಾರಿಸಿಕೊಂಡು ಮುಂದೆ ಹೋಗಿ. ಪಾತಾಳಗಂಗೆಯ ಮೆಟ್ಟಿಲು ಇಳಿಯುವುದು ಸುಲಭ, ಹತ್ತುವುದು ಕಷ್ಟ.