ಹತ್ತು ಸೆಕೆಂಡಿನ ಸುದ್ದಿ



ಇವತ್ತು ರಾಜಕೀಯ ಇಲ್ಲ. ಯಾರ ರಾಜೀನಾಮೆನೂ ಇಲ್ಲ, ಯಾರ ರೆಸಾರ್ಟೂ ಇಲ್ಲ. ಇವತ್ತು ನನ್ನದೇ ಒಂದು ತಪ್ಪಿನ ಬಗ್ಗೆ ಮಾತಾಡ್ತೀನಿ.

ಹೋದ ವಾರ ರಾತ್ರಿ ಒಂಬತ್ತರ ಬುಲೆಟಿನ್‌ಗೆ ಒಂದು ಪುಟ್ಟ ಸುದ್ದಿ ಬಂದಿತ್ತು. ವಿಶ್ವವಿದ್ಯಾಲಯದ ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿ, ಮಹಿಳೆಯರ ಫೈನಲ್. ಹತ್ತು ಸೆಕೆಂಡಿನ ದೃಶ್ಯ, ಅಷ್ಟೇ. ಅಷ್ಟರಲ್ಲಿ ಇಬ್ಬರು ಶಾಸಕರು ಬೈದಾಡಿಕೊಂಡ ಕ್ಲಿಪ್ ಬಂತು. ಡೆಸ್ಕಿನ ಹುಡುಗ ಕೇಳಿದ, 'ಸರ್, ಬಾಸ್ಕೆಟ್‌ಬಾಲ್ ಇರಲಾ?' ನಾನು ತಲೆ ಎತ್ತದೆ ಹೇಳಿದೆ, 'ತೆಗೆದುಬಿಡು.'

ಬುಲೆಟಿನ್ ಮುಗಿಸಿ ಮೇಕಪ್ ಒರೆಸ್ತಾ ಇದ್ದೆ, ಫೋನ್ ಬಂತು. ಸವದತ್ತಿ ಕಡೆಯಿಂದ, ನನ್ನ ಕಾಲೇಜಿನ ಗೆಳೆಯ. 'ಏನಲೇ, ನಮ್ಮ ಮಗಳು ಫೈನಲ್ ಆಡಿದ್ಲು. ಇಡೀ ಓಣಿ ನಿನ್ನ ಟಿವಿ ಮುಂದ ಕುಂತಿತ್ತು. ಹತ್ತು ಸೆಕೆಂಡ್ ತೋರಿಸಿದ್ರ ನಿನ್ನ ಗಂಟೇನು ಹೋಗ್ತಿತ್ತು?'

ನನ್ನ ಹತ್ರ ಉತ್ತರ ಇರಲಿಲ್ಲ. ಯಾಕೆ ಅಂದ್ರೆ, ಅದೇ ಟೂರ್ನಿಯಲ್ಲಿ ಒಂದು ಕಾಲಕ್ಕೆ ನಾನೂ ಅವನೂ ಒಂದೇ ತಂಡದಲ್ಲಿ ಆಡಿದವರು.

ಮೊದಲು ಈ ಟೂರ್ನಿಯ ಕತೆ ಕೇಳಿ. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಜೇಮ್ಸ್ ನೈಸ್ಮಿತ್ ಅನ್ನೋ ವ್ಯಾಯಾಮದ ಮೇಷ್ಟ್ರು ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿ ಹುಡುಗರಿಗೆ ಚೆಂಡು ಹಾಕಿ ಅಂದರು. ವೈಎಂಸಿಎ ಮೂಲಕ ಆಟ ನಮ್ಮ ದೇಶಕ್ಕೂ ಬಂತು. 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರುವಾಯಿತು. 1934ಕ್ಕೆ ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು.

ಆಗ ನಮ್ಮ ಭಾಗದ ಸ್ಥಿತಿ ಹೇಗಿತ್ತು? ಧಾರವಾಡದಲ್ಲಿ 1917ರಿಂದ ಕರ್ನಾಟಕ ಕಾಲೇಜು ಇತ್ತು, ಬೆಳಗಾವಿಯಲ್ಲಿ 1933ರಿಂದ ಲಿಂಗರಾಜ ಕಾಲೇಜು ಇತ್ತು. ಆದರೆ ಎರಡೂ ಮುಂಬೈ ವಿಶ್ವವಿದ್ಯಾಲಯದ ಕೆಳಗೆ. ರಾಮದುರ್ಗ ಅಂತೂ ಆಗ ಪ್ರತ್ಯೇಕ ಸಂಸ್ಥಾನ, ಮುಂಬೈ ಪ್ರಾಂತ್ಯಕ್ಕೆ ಸೇರಿದ್ದೇ 1948ರಲ್ಲಿ. ಪದವಿಯ ಕಾಗದ ಬರಬೇಕಾದದ್ದು ಮುಂಬೈಯಿಂದ. ವಿಶ್ವವಿದ್ಯಾಲಯದ ಬನಿಯನ್ ಹಾಕಬೇಕು ಅಂದ್ರೂ ಮುಂಬೈಯವರ ಕಣ್ಣಿಗೇ ಬೀಳಬೇಕು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು. ಹುಟ್ಟಿದ್ದೂ ಮುಂಬೈಯಲ್ಲೇ, ಮರುವರ್ಷ ಧಾರವಾಡಕ್ಕೆ ಬಂತು. 1956ರ ಏಕೀಕರಣ ಆದಮೇಲೆ ಅದರ ವ್ಯಾಪ್ತಿ ನೋಡಿ, ಆ ಕಡೆ ಬೀದರ್, ಈ ಕಡೆ ಕಾರವಾರ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬೇರೆ ಆಯಿತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಕಿತ್ತೂರಿನಲ್ಲಿ ಕೋಟೆ, ಬೈಲಹೊಂಗಲದಲ್ಲಿ ಸಮಾಧಿ. ಆ ತಾಯಿಯ ಹೆಸರಿನ ಬನಿಯನ್ ಹಾಕೋ ಭಾಗ್ಯ ನಮ್ಮ ಮಕ್ಕಳಿಗೆ ಬಂತು.

ಈ ಇತಿಹಾಸಕ್ಕೂ ಚೆಂಡಿಗೂ ಏನು ಸಂಬಂಧ ಅಂತೀರಾ? ಇದೆ. ಪ್ರತಿ ವರ್ಷ ಅಂತರ ಕಾಲೇಜು ಟೂರ್ನಿ ನಡೀತದೆ. ಗೆದ್ದ ಕಾಲೇಜಿಗೆ ಶೀಲ್ಡ್, ಅದು ಪ್ರಾಂಶುಪಾಲರ ಕೋಣೆಯ ಕಪಾಟು ಸೇರ್ತದೆ. ನಿಜವಾದ ಬಹುಮಾನ ಅದಲ್ಲ. ಅಂಗಳದ ಬದಿಯಲ್ಲಿ ಆಯ್ಕೆ ಸಮಿತಿಯವರು ಕುರ್ಚಿ ಹಾಕಿಕೊಂಡು ಕೂತಿರ್ತಾರೆ. ಸೋತ ಕಾಲೇಜಿನಿಂದಲೂ ಒಳ್ಳೆ ಆಟಗಾರರನ್ನು ಹೆಕ್ಕಿ 12 ಜನರ ತಂಡ ಮಾಡ್ತಾರೆ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋಗ್ತದೆ. ವಲಯದ ಮೊದಲ ನಾಲ್ಕು ತಂಡ ಅಖಿಲ ಭಾರತ ಮಟ್ಟಕ್ಕೆ. ಅಲ್ಲಿ ಮೇಲಿನ ಸಾಲಿಗೆ ಬಂದರೆ ಖೇಲೋ ಇಂಡಿಯಾ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಮ್ಮ ಬೆಂಗಳೂರಲ್ಲೇ ಆಯ್ತಲ್ಲ, ಅದರ ಮೊದಲ ಮೆಟ್ಟಿಲು ಇಂಥ ತಾಲ್ಲೂಕು ಕಾಲೇಜಿನ ಅಂಗಳ.

ಆ 12 ಜನರಿಗೆ ಯೂನಿವರ್ಸಿಟಿ ಬ್ಲೂ ಅಂತಾರೆ. ಕ್ರೀಡಾ ಕೋಟಾದ ಸೀಟಿಗೆ, ನೌಕರಿಗೆ ಅರ್ಜಿ ಹಾಕುವಾಗ ಆ ಕಾಗದದ ಬೆಲೆ ಗೊತ್ತಾಗ್ತದೆ. ಒಂದೇ ವಿಶ್ವವಿದ್ಯಾಲಯ ಇದ್ದಾಗ ಬೀದರಿನಿಂದ ಕಾರವಾರದವರೆಗೆ ಎಲ್ಲ ಸೇರಿ 12 ಜಾಗ. ವಿಶ್ವವಿದ್ಯಾಲಯ ಒಡೆದಷ್ಟೂ ಸಲ ಇನ್ನೊಂದು 12 ಹುಟ್ಟಿತು. ನಮ್ಮ ತಾಲ್ಲೂಕುಗಳ ಮಟ್ಟಿಗೆ ಬಾಗಿಲು ಅಗಲ ಆಯಿತು ಸ್ವಾಮಿ.

ನಮ್ಮ ಕಾಲದಲ್ಲಿ ಬಾಗಿಲು ಕಿರಿದು. ನಮ್ಮ ಕಾಲೇಜಿನ ಅಂಗಳ ಅಂದ್ರೆ ಎರೆ ಮಣ್ಣಿನ ಮೇಲೆ ಗರಸು ಹಾಕಿ ಬಡಿದ ನೆಲ. ಮಳೆ ಬಂದ ಮರುದಿನ ಚೆಂಡು ಪುಟಿಯೋದೇ ಇಲ್ಲ, ಬಿದ್ದಲ್ಲೇ ಕೂರೋದು. ರಿಂಗಿಗೆ ಜಾಳಿಗೆ ಇಲ್ಲ, ಚೆಂಡು ಒಳಗೆ ಹೋಯ್ತೋ ಹೊರಗೆ ಹೋಯ್ತೋ ಅಂತ ಜಗಳ. 12 ಜನ ಹೋಗಬೇಕಾದ ಕಡೆ ಎಂಟು ಜನ ಕೆಂಪು ಬಸ್ಸು ಹತ್ತಿದೆವು. ಸಿಮೆಂಟಿನ ಅಂಗಳ ನೋಡಿದ್ದೇ ಅವತ್ತು. ಚೆಂಡು ನಮ್ಮ ಲೆಕ್ಕಕ್ಕಿಂತ ಮೇಲೆ ಪುಟಿದು ಮುಖಕ್ಕೇ ಬಡೀತಿತ್ತು. ನಾವು ಮಾಡಿದ್ದು 11 ಪಾಯಿಂಟ್. ಅದರಲ್ಲಿ ಒಂಬತ್ತು ನನ್ನ ಗೆಳೆಯನದ್ದು.

ಆ ಒಂಬತ್ತನ್ನು ಒಬ್ಬರು ನೋಡಿದ್ದರು. ಅವನ ಹೆಸರು ತರಬೇತಿ ಶಿಬಿರದ ಪಟ್ಟಿಗೆ ಬಂತು, ಪತ್ರವೂ ಕಾಲೇಜಿಗೆ ಬಂತು. ಆದರೆ ಆ ಪತ್ರ ಕಚೇರಿಯ ಡ್ರಾದಲ್ಲೇ ಉಳೀತು. ಅವನ ಕೈಗೆ ಸಿಕ್ಕಾಗ ಶಿಬಿರ ಮುಗಿದು ನಾಲ್ಕು ದಿನ ಆಗಿತ್ತು. ಕೇಳಿದರೆ ಗುಮಾಸ್ತರು ಅಂದದ್ದು, 'ಆಟದ ಪತ್ರ ಐತಲ್ಲ, ಅರ್ಜೆಂಟ್ ಇರ್ಲಿಕ್ಕಿಲ್ಲ ಅನ್ಕೊಂಡೆ.' ಗೆಳೆಯ ಈಗ ಸೈಕಲ್ ಅಂಗಡಿ ಇಟ್ಟಿದ್ದಾನೆ. ಮಾನವಾಗಿ ಬದುಕಿದ್ದಾನೆ, ಯಾರ ಮೇಲೂ ದೂರಿಲ್ಲ. ಆದರೆ ಆ ಪತ್ರವನ್ನು ಇನ್ನೂ ಇಟ್ಟುಕೊಂಡಿದ್ದಾನೆ.

ಗುಮಾಸ್ತರು ಡ್ರಾದಲ್ಲಿ ಇಟ್ಟರು. ನಾನು ಬುಲೆಟಿನ್‌ನಿಂದ ತೆಗೆದೆ. ಏನು ವ್ಯತ್ಯಾಸ ಹೇಳಿ?

ಅಮೆರಿಕದಲ್ಲಿ ಇದೇ ಕಾಲೇಜು ಬಾಸ್ಕೆಟ್‌ಬಾಲ್ ಏನಾಗಿದೆ ನೋಡಿ. ಅಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಅಂತ ಕಾಲೇಜುಗಳ ಒಂದು ಕೂಟ. 1954ರಿಂದ ಅವರ ವಾರ್ಷಿಕ ಟೂರ್ನಿ. ಗೆದ್ದ ಒಂದೇ ತಂಡಕ್ಕೆ ರಾಷ್ಟ್ರೀಯ ಟೂರ್ನಿಗೆ ಪ್ರವೇಶ. 1974ರ ಫೈನಲ್ ಹೆಚ್ಚುವರಿ ಅವಧಿಗೆ ಹೋಯ್ತು. ನಾರ್ತ್ ಕೆರೊಲಿನಾ ಸ್ಟೇಟ್ 103, ಮೇರಿಲ್ಯಾಂಡ್ 100. ಗೆದ್ದವರು ಮುಂದೆ ಹೋಗಿ ದೇಶಕ್ಕೇ ಚಾಂಪಿಯನ್ ಆದರು. ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿದ್ದ ಮೇರಿಲ್ಯಾಂಡ್‌ಗೆ ರಾಷ್ಟ್ರೀಯ ಟೂರ್ನಿಯ ಬಾಗಿಲು ಮುಚ್ಚಿತು. ಮರುವರ್ಷವೇ ರಾಷ್ಟ್ರೀಯ ಟೂರ್ನಿಗೆ 32 ತಂಡ, ಒಂದೇ ಕೂಟದಿಂದ ಒಂದಕ್ಕಿಂತ ಹೆಚ್ಚು ತಂಡಕ್ಕೂ ಅವಕಾಶ. 2010ರಲ್ಲಿ ಆ ಟೂರ್ನಿಯ ಪ್ರಸಾರ ಹಕ್ಕು 14 ವರ್ಷಕ್ಕೆ 1,080 ಕೋಟಿ ಡಾಲರಿಗೆ ಹೋಯ್ತು. ಆಡಿದವರು ಯಾರು? ಕಾಲೇಜು ಹುಡುಗರು. ಇಷ್ಟು ದೊಡ್ಡದು ಮಾಡಿದವರು ಯಾರು? ನನ್ನಂಥ ಟಿವಿಯವರು, ನಿಮ್ಮಂಥ ನೋಡುಗರು.

ನಮಗೆ ಕೋಟಿ ಡಾಲರ್ ಬೇಡ. ನಮ್ಮ ಮಕ್ಕಳು ಕೇಳ್ತಿರೋದು ಸಣ್ಣ ಸಣ್ಣದ್ದು. ಬೆಳಗಾವಿ ದಾಟಿ ಬೆಳಗಿನ ಪಂದ್ಯಕ್ಕೆ ಹೋಗಬೇಕು ಅಂದ್ರೆ ರಾಮದುರ್ಗದ ತಂಡ ಹಿಂದಿನ ದಿನವೇ ಹೊರಡಬೇಕು. ಹುಡುಗಿಯರಾದರೆ ರಾತ್ರಿ ಉಳಿಯೋಕೆ ಬಾಗಿಲು ಭದ್ರ ಇರೋ ಕೋಣೆ ಬೇಕು, ಜತೆಗೆ ಒಬ್ಬ ಮೇಡಂ ಬೇಕು. ಸೆಮಿಸ್ಟರ್ ಪರೀಕ್ಷೆಯ ದಿನವೇ ಪಂದ್ಯ ಇಡಬಾರದು. ಆಡೋಕೆ ಹೋದ ದಿನ ಗೈರುಹಾಜರಿ ಹಾಕಬಾರದು. ಪದವಿ ಮೂರು ವರ್ಷ, ಅಂದ್ರೆ ಮೂರೇ ಟೂರ್ನಿ. ಒಂದು ಪತ್ರ ತಡ ಆದರೆ ಮೂರನೇ ಒಂದು ಭಾಗ ಆಯುಷ್ಯ ಹೋದ ಹಾಗೆ.

ಗೆಳೆಯನಿಗೆ ಮರುದಿನ ಫೋನ್ ಮಾಡಿದೆ. 'ಫೈನಲ್ ಏನಾಯ್ತೋ?' ಅಂದೆ. 'ಸೋತ್ರು, ನಾಲ್ಕು ಪಾಯಿಂಟಿಗೆ' ಅಂದ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ, 'ಶಿಬಿರಕ್ಕ ಕರೆದಾರ. ಪತ್ರ ಬರೋದು ಕಾಯಲಿಲ್ಲ ನಾ. ನಾನ ಹೋಗಿ ಆಫೀಸಿನ್ಯಾಗ ಕುಂತು ಇಸ್ಕೊಂಡು ಬಂದೆ.'

ವೀಕ್ಷಕರೇ, ಇನ್ನು ಮುಂದೆ ನಮ್ಮ ಬುಲೆಟಿನ್‌ನಲ್ಲಿ ಅಂತರ ಕಾಲೇಜು ಫೈನಲ್ ಬಂದರೆ ಶಾಸಕರು ಹತ್ತು ಸೆಕೆಂಡ್ ಕಾಯ್ತಾರೆ. ಇದು ನನ್ನ ಮಾತು. ನಿಮ್ಮದೂ ಒಂದು ಮಾತು ಬೇಕು. ಬೈಲಹೊಂಗಲ ಇರಲಿ, ಕಿತ್ತೂರು, ಸವದತ್ತಿ, ರಾಮದುರ್ಗ ಇರಲಿ, ನಿಮ್ಮೂರ ಕಾಲೇಜಲ್ಲಿ ಪಂದ್ಯ ಇದ್ದ ದಿನ ಒಂದರ್ಧ ತಾಸು ಹೋಗಿ ಅಂಗಳದ ಬದಿಗೆ ನಿಲ್ಲಿ. ಚಪ್ಪಾಳೆಗೆ ಜಿಎಸ್‌ಟಿ ಇಲ್ಲ.