ಹುಚ್ಚೆಳ್ಳು ಹೂ ಬಿಡುವ ಹೊತ್ತು
(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಐವತ್ತು ವರ್ಷ ತುಂಬಿದ ನಮ್ಮ ಶಾಲೆಯಲ್ಲಿ ನಿಂತು ಮಾತನಾಡುವ ಅವಕಾಶ ಕೊಟ್ಟಿದ್ದೀರಿ. ನಾನು ಸಸ್ಯತಳಿ ವಿಜ್ಞಾನ ಓದಿದವನು. ಎಣ್ಣೆಕಾಳಿನ ಬೆಳೆಗಳು ಯಾವಾಗ ಹೂ ಬಿಡುತ್ತವೆ, ಏಕೆ ಬಿಡುತ್ತವೆ ಎಂದು ತಿಳಿಯುವುದೇ ನನ್ನ ಕಸುಬು. ಆದ್ದರಿಂದ ನಮ್ಮ ಹೊಲದ ಹುಚ್ಚೆಳ್ಳಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಗುಬ್ಬಿ, ಕುಣಿಗಲ್ ಸೀಮೆಯ ಹಿರಿಯರಿಗೆ ಅಕ್ಕಡಿ ಸಾಲು ಚೆನ್ನಾಗಿ ಗೊತ್ತು. ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಹಾಕುತ್ತಿದ್ದರು. ದನ ಬಾಯಿ ಹಾಕುವುದಿಲ್ಲವೆಂದು ಹೊಲದ ಅಂಚಿಗೂ ಹುಚ್ಚೆಳ್ಳೇ. ಒಂದು ಸಂಗತಿಯನ್ನು ನೀವು ಗಮನಿಸಿರಬಹುದು. ಆಷಾಢದಲ್ಲಿ ಬಿತ್ತಿದ ಸಾಲು ಎದೆಯುದ್ದ ಬೆಳೆದಿರುತ್ತದೆ. ಮಳೆ ಕೈಕೊಟ್ಟು ಶ್ರಾವಣ ಕಳೆದ ಮೇಲೆ ಬಿತ್ತಿದ್ದು ಗಿಡ್ಡಗಿರುತ್ತದೆ. ಆದರೂ ದೀಪಾವಳಿ ಹತ್ತಿರವಾಗುವಾಗ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಹಳದಿ ಹೂ ಹೊದೆಯುತ್ತವೆ. ಗಿಡಕ್ಕೆ ಪಂಚಾಂಗ ಓದಿ ಹೇಳುವವರು ಯಾರು?

ಹಗಲು. ತುಮಕೂರಿನಲ್ಲಿ ಜೂನ್ ಕೊನೆಯಲ್ಲಿ ಹಗಲು ಸುಮಾರು 13 ಗಂಟೆ ಇರುತ್ತದೆ, ಡಿಸೆಂಬರಿನಲ್ಲಿ ಹನ್ನೊಂದೂಕಾಲರ ಆಸುಪಾಸು. ಈ ಒಂದೂವರೆ ಗಂಟೆಯ ವ್ಯತ್ಯಾಸ ನಮ್ಮ ಗಮನಕ್ಕೇ ಬರುವುದಿಲ್ಲ, ಆದರೆ ಎಲೆ ಅದನ್ನು ಅಳೆಯುತ್ತದೆ. ಹಗಲು ತಕ್ಕಷ್ಟು ಕಿರಿದಾಗುವ ತನಕ ಹುಚ್ಚೆಳ್ಳು ಹೂವಿಗೆ ಮನಸ್ಸು ಮಾಡುವುದಿಲ್ಲ. ಗಿಡಗಳ ಈ ಗುಣವನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬುವರು ಹೊಗೆಸೊಪ್ಪು, ಸೋಯಾ ಅವರೆಗಳಲ್ಲಿ ತೋರಿಸಿಕೊಟ್ಟರು. ಹಗಲನ್ನು ಅಳೆಯುವುದು ಎಲೆ, ಹೂ ಬರುವುದು ಕುಡಿಯಲ್ಲಿ. ನಡುವೆ ಓಡಾಡುವ ಓಲೆಕಾರ ಯಾರೆಂಬುದು ಬಹುಕಾಲ ತಿಳಿಯಲಿಲ್ಲ. ಎಫ್‌ಟಿ ಎಂಬ ಜೀನ್ ಎಲೆಯಲ್ಲಿ ತಯಾರಿಸುವ ಪ್ರೋಟೀನು ಕುಡಿಗೆ ಹೋಗಿ ಹೂವಿನ ಅಪ್ಪಣೆ ಕೊಡುತ್ತದೆ ಎಂದು 2007ರಲ್ಲಿ ಖಚಿತವಾಯಿತು. ಈ ಜೀನಿನಲ್ಲೋ, ಇದನ್ನು ಹತೋಟಿಯಲ್ಲಿಡುವ ಬೇರೆ ಜೀನುಗಳಲ್ಲೋ ಸಣ್ಣ ಬದಲಾವಣೆಯಾದರೂ ಹೂ ಬಿಡುವ ದಿನ ಹಿಂದುಮುಂದಾಗುತ್ತದೆ.

ಎಲ್ಲ ಬೆಳೆಗೂ ಒಂದೇ ಲೆಕ್ಕವಿಲ್ಲ. ತೆಂಗು ವಯಸ್ಸು ನೋಡುತ್ತದೆ. ಗಿಡ್ಡ ತಳಿ 3–4 ವರ್ಷಕ್ಕೆ ಹೊಂಬಾಳೆ ಒಡೆದರೆ, ನಮ್ಮ ತಿಪಟೂರಿನ ಎತ್ತರದ ತಳಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಕಾಲ ಬೇಕು. ಶಿರಾ, ಪಾವಗಡದ ಕಡಲೆಕಾಯಿ ಬಿತ್ತಿದ 25–30 ದಿನಕ್ಕೆ ಹೂ ತೋರಿಸುತ್ತದೆ. ಹುಚ್ಚೆಳ್ಳಿನ ದಾಯಾದಿಯಾದ ಸೂರ್ಯಕಾಂತಿ ಹಗಲಿನ ಹಂಗು ಅಷ್ಟಾಗಿ ಇಟ್ಟುಕೊಂಡಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ಬಿಎಸ್‌ಎಚ್-1 ಹೈಬ್ರಿಡ್ ಕೊಟ್ಟ ಮೇಲೆ ಅದು ಕಾಲಭೇದವಿಲ್ಲದೆ ಹೊಲಕ್ಕೆ ಬಂತು. ಅವರೆ ಎಣ್ಣೆಕಾಳಲ್ಲ, ಆದರೆ ಮಾತು ಅದೇ: ಚಳಿಗಾಲಕ್ಕೇ ಕಾಯುತ್ತಿದ್ದ ಅವರೆಯನ್ನು ವರ್ಷವಿಡೀ ಕಾಯಿ ಬಿಡುವಂತೆ ಮಾಡಿದ್ದು ಅದೇ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು.

ಹಾಗಾದರೆ ಹಗಲಿಗೆ ಕಟ್ಟುಬಿದ್ದ ಹಳೆಯ ಬೀಜ ಕೆಲಸಕ್ಕೆ ಬಾರದೆ? ಹುಚ್ಚೆಳ್ಳಿಗೆ ಆ ಕಟ್ಟೇ ಕಾವಲು. ಅದರ ಹೂವಿಗೆ ತನ್ನದೇ ಗಿಡದ ಪರಾಗ ಒಗ್ಗುವುದಿಲ್ಲ. ಜೇನು ಬೇರೆ ಗಿಡದಿಂದ ತಂದರೇ ಕಾಳು. ಬಿತ್ತನೆ ಹಿಂದುಮುಂದಾದರೂ ಊರಿನ ಹುಚ್ಚೆಳ್ಳೆಲ್ಲ ಒಟ್ಟಿಗೆ ಅರಳುವುದರಿಂದ ಜೇನಿಗೂ ಹಬ್ಬ, ಕಾಳಿಗೂ ಭರವಸೆ. ಹೀಗೆ ಪರಾಗ ಬೆರೆಯುತ್ತಲೇ ಇರುವುದರಿಂದ ಒಂದು ಮನೆಯ ಬೀಜದಲ್ಲೇ ನಾಲ್ಕು ದಿನ ಮೊದಲು ಅರಳುವವೂ ಇರುತ್ತವೆ, ನಾಲ್ಕು ದಿನ ತಡವಾಗಿ ಅರಳುವವೂ ಇರುತ್ತವೆ. ಮಳೆಯ ನಡೆ ಬದಲಾದಾಗ ಹೊಸ ತಳಿ ಆರಿಸಲು ನಮಗಿರುವ ಬಂಡವಾಳ ಇದು.

ಈ ಬಂಡವಾಳ ಕರಗುತ್ತಿದೆ. ಹೊಲ ತೆಂಗು, ಅಡಿಕೆಯ ತೋಟವಾಗಿದೆ. ರಾಗಿಗೆ ಕಟಾವು ಯಂತ್ರ ಬಂದಲ್ಲಿ ನಡುವಿನ ಸಾಲು ಅಡ್ಡಿ ಎನಿಸಿದೆ. ಚಟ್ನಿಪುಡಿಗೆಂದು ಬದುವಿನ ಮೇಲೆ ಹತ್ತು ಗಿಡ ಉಳಿದರೆ, ಹತ್ತು ಗಿಡದಲ್ಲಿ ಇರುವಷ್ಟೇ ಗುಣ ಉಳಿಯುತ್ತದೆ. ಹೋದದ್ದನ್ನು ಯಾವ ಪ್ರಯೋಗಾಲಯವೂ ಅದೇ ರೂಪದಲ್ಲಿ ಮರಳಿಸಲಾರದು.

ಅದಕ್ಕೇ ಒಂದು ಬೇಡಿಕೆ. ಮನೆಯಲ್ಲಿ ಹಳೆಯ ಹುಚ್ಚೆಳ್ಳು ಇರುವ ತಾಯಂದಿರು ಒಂದು ಹಿಡಿಯನ್ನು ಶಾಲೆಗೆ ಕೊಡಿ. ಒಂದೇ ಗಿಡದ್ದು ಬೇಡ, ಹಲವು ಗಿಡಗಳಿಂದ ಬಂದಿರಲಿ. ಮಕ್ಕಳು ಶಾಲೆಯ ಅಂಗಳದಲ್ಲಿ ಹದಿನೈದು ದಿನಕ್ಕೊಂದರಂತೆ ಮೂರು ಸಾಲು ಬಿತ್ತಲಿ. ಬಿತ್ತಿದ ದಿನ, ಮೊದಲ ಹೂವಿನ ದಿನ, ಗಿಡದ ಎತ್ತರ ಬರೆದಿಡಲಿ. ಸಲಹೆಗೆ ಹಿರೇಹಳ್ಳಿ ಮತ್ತು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಿವೆ. ತಾನು ಬೆಳೆದ ಬೀಜವನ್ನು ಕೂಡಿಡುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು 2001ರ ಕಾಯ್ದೆ ರೈತನಿಗೆ ಕೊಟ್ಟಿದೆ. ಆ ಹಕ್ಕು ಉಳಿಯಬೇಕಾದರೆ ಮೊದಲು ಮಡಕೆಯಲ್ಲಿ ಬೀಜ ಇರಬೇಕು.

ಮೊದಲ ವರ್ಷದ ಬೇಲಿ, ಗೊಬ್ಬರದ ಖರ್ಚು ನನ್ನದು. ಬರುವ ದೀಪಾವಳಿಗೆ ಬಂದು ಮಕ್ಕಳು ಬರೆದ ಲೆಕ್ಕ ನೋಡುತ್ತೇನೆ.